ಒಂದೇ ಪಾಸ್‌ವರ್ಡಿನ ಆಫೀಸು: ಕೊಯ್ಲಿಗೆ ಮೊದಲೇ ಒಂದು ಎಚ್ಚರಿಕೆ

ಕಾಫಿ ಸೀಮೆಯ ಅನೇಕ ತೋಟದ ಆಫೀಸುಗಳಲ್ಲಿ, ಸೊಸೈಟಿಗಳಲ್ಲಿ, ಕ್ಯೂರಿಂಗ್ ವರ್ಕ್ಸ್‌ಗಳಲ್ಲಿ ಕಂಪ್ಯೂಟರಿಗೆ ಇರುವುದು ಒಂದೇ ಖಾತೆ, ಒಂದೇ ಪಾಸ್‌ವರ್ಡು. ಬೆಳಿಗ್ಗೆ ರೈಟರು ಅದರಲ್ಲೇ ಚೆಕ್‌ರೋಲ್ ತುಂಬುತ್ತಾರೆ. ಮಧ್ಯಾಹ್ನ ಮ್ಯಾನೇಜರು ಅದರಲ್ಲೇ ಬ್ಯಾಂಕಿನ ಕೆಲಸ ಮುಗಿಸುತ್ತಾರೆ. ಸಂಜೆ ಕಣದಿಂದ ಬಂದ ಹುಡುಗ ಅದರಲ್ಲೇ ಹಣ್ಣಿನ ತೂಕ ಬರೆಯುತ್ತಾನೆ. ಪಾಸ್‌ವರ್ಡು ಗೋಡೆಯ ಕ್ಯಾಲೆಂಡರಿನ ಮೇಲೋ ಕೀಬೋರ್ಡಿನ ಅಡಿಯಲ್ಲೋ ಇರುತ್ತದೆ. ಇವರಲ್ಲಿ ಯಾರೂ ಕಳ್ಳರಲ್ಲ; ಒಬ್ಬರನ್ನೊಬ್ಬರು ನಂಬಿಯೇ ತೋಟಗಳು ಇಷ್ಟು ಕಾಲ ನಡೆದುಕೊಂಡು ಬಂದಿವೆ. ಆದರೂ ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಬೆಳೆಗಾರರು ಈ ಪದ್ಧತಿಯನ್ನು ಮುಂದಿನ ಕೊಯ್ಲಿಗೆ ಮೊದಲೇ ಬಿಡಬೇಕು ಎಂದು ಗಟ್ಟಿಯಾಗಿ ಹೇಳುವ ಹೊತ್ತು ಬಂದಿದೆ. ಅನಾಹುತ ಆದ ಮೇಲೆ ಹೇಳಿ ಪ್ರಯೋಜನವಿಲ್ಲ.

ಅವಸರಕ್ಕೆ ಕಾರಣ ಯುರೋಪಿನ ಕಾನೂನು. ಕಾಡು ಕಡಿದ ನೆಲದಲ್ಲಿ ಬೆಳೆದ ಸರಕನ್ನು ತನ್ನ ಮಾರುಕಟ್ಟೆಗೆ ಬಿಟ್ಟುಕೊಳ್ಳುವುದಿಲ್ಲ ಎಂಬ ಯುರೋಪಿಯನ್ ಒಕ್ಕೂಟದ ನಿಯಮ 2023ರಲ್ಲಿ ಬಂತು. ಅದರ ಪಟ್ಟಿಯಲ್ಲಿರುವ ಏಳು ಸರಕುಗಳಲ್ಲಿ ಕಾಫಿಯೂ ಒಂದು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದ ಬೆಳೆ ಇದಲ್ಲ ಎಂದು ತೋರಿಸಲು ಪ್ರತಿ ತೋಟದ ಅಕ್ಷಾಂಶ, ರೇಖಾಂಶ ಬೇಕು. ಜಾಗ 4 ಹೆಕ್ಟೇರಿಗಿಂತ ದೊಡ್ಡದಾದರೆ ಗಡಿಯ ಸುತ್ತಿನ ನಕ್ಷೆಯೇ ಬೇಕು. ಎರಡು ಸಲ ಮುಂದಕ್ಕೆ ಹೋದ ಗಡುವು ಈಗ ದೊಡ್ಡ ಮತ್ತು ಮಧ್ಯಮ ಕಂಪನಿಗಳಿಗೆ 2026ರ ಡಿಸೆಂಬರ್ 30ಕ್ಕೆ, ಸಣ್ಣವರಿಗೆ 2027ರ ಜೂನ್ 30ಕ್ಕೆ ನಿಂತಿದೆ. ದೇಶದ ಕಾಫಿಯಲ್ಲಿ ಸುಮಾರು ಶೇ 70 ಕರ್ನಾಟಕದ್ದು. ದೇಶದ ಬೆಳೆಯ ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುತ್ತದೆ, ಇಟಲಿ, ಜರ್ಮನಿಗಳು ಅದರ ದೊಡ್ಡ ಗಿರಾಕಿಗಳು. ಹಾಗಾಗಿ ಈ ಗಡುವು ಬ್ರಸೆಲ್ಸಿನ ವ್ಯವಹಾರ ಎಂದು ಕಳಸದ ಐದು ಎಕರೆ ಬೆಳೆಗಾರ ಸುಮ್ಮನಿರುವ ಹಾಗಿಲ್ಲ.

ತೋಟದ ಅಳತೆ, ಆರ್‌ಟಿಸಿ, ಚೀಲದ ಲೆಕ್ಕ, ಮಾರಿದ ದಿನ ಎಲ್ಲವೂ ಇನ್ನು ಕಂಪ್ಯೂಟರಿಗೆ ಹೋಗುತ್ತವೆ. ಯುರೋಪಿನಲ್ಲಿ ಸರಕು ಇಳಿಸುವವನು ಈ ದಾಖಲೆಗಳನ್ನು ಐದು ವರ್ಷ ಕಾಪಿಡಬೇಕು. ಇಷ್ಟೆಲ್ಲ ಅಂಕಿಗಳನ್ನು ಯಾರ ಕೈ ಟೈಪ್ ಮಾಡಿತು ಎಂದು ಆ ಕಾನೂನು ಕೇಳುವುದಿಲ್ಲ, ನಿಜ. ಆದರೆ ಒಂದು ಅಂಕಿ ತಪ್ಪಿ ತೋಟದ ಗಡಿ ನಕ್ಷೆಯಲ್ಲಿ ಪಕ್ಕದ ಮೀಸಲು ಅರಣ್ಯದೊಳಗೆ ಬಿದ್ದರೆ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಅದೇ. ನಮ್ಮ ಸೀಮೆಯಲ್ಲಿ ಕಂದಾಯ ಭೂಮಿ, ಡೀಮ್ಡ್ ಫಾರೆಸ್ಟ್, ಹಿಡುವಳಿ ಇವು ಎಷ್ಟು ಹೆಣೆದುಕೊಂಡಿವೆ ಎಂಬುದನ್ನು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಒತ್ತುವರಿ ಮಾಡಿ ಕಾಫಿ ಬೆಳೆದ ಸರ್ಕಾರಿ ಜಮೀನನ್ನು 25 ಎಕರೆವರೆಗೆ 30 ವರ್ಷ ಗುತ್ತಿಗೆಗೆ ಕೊಡುವ ತಿದ್ದುಪಡಿ ಬಂದ ಮೇಲಂತೂ ಗಡಿಯ ಒಂದೊಂದು ಗುಂಟೆಗೂ ಕಾಗದ ಬೇಕಾಗಿದೆ. ‘ಇದನ್ನು ತಿದ್ದಿದವರು ಯಾರು, ಯಾವತ್ತು?’ ಎಂದು ಕೇಳಿದಾಗ ಕಂಪ್ಯೂಟರು ‘ಅಡ್ಮಿನ್’ ಎಂದಷ್ಟೇ ಉತ್ತರ ಕೊಟ್ಟರೆ, ಆಫೀಸಿನಲ್ಲಿ ಕೂತ ಎಲ್ಲರೂ ಆರೋಪಿಗಳೇ. ಅದರಲ್ಲೂ ಮೊದಲು ಬೆರಳು ಹೋಗುವುದು ಕಡಿಮೆ ಸಂಬಳದವನ ಕಡೆಗೆ. ನಮಗೆ ಹೆಚ್ಚು ನೋವಾಗುವುದು ಇಲ್ಲಿ. ಹಂಚಿಕೊಂಡ ಪಾಸ್‌ವರ್ಡು ತಪ್ಪು ಮಾಡಿದವನನ್ನು ಬಚ್ಚಿಡುವುದಷ್ಟೇ ಅಲ್ಲ, ತಪ್ಪು ಮಾಡದವನು ತನ್ನ ಪರವಾಗಿ ತೋರಿಸಬಹುದಾಗಿದ್ದ ಒಂದೇ ಸಾಕ್ಷಿಯನ್ನೂ ಕಿತ್ತುಕೊಳ್ಳುತ್ತದೆ.

ಹಲವರು ಒಂದೇ ಯಂತ್ರ ಬಳಸುವ ಸಮಸ್ಯೆ ಹೊಸದೇನಲ್ಲ. ಕಂಪ್ಯೂಟರು ಒಂದು ಕೋಣೆ ತುಂಬುವಷ್ಟು ದೊಡ್ಡದಿದ್ದ ಕಾಲದಲ್ಲಿ ಎಲ್ಲರೂ ಹಂಚಿಕೊಂಡೇ ಬಳಸುತ್ತಿದ್ದರು. ಅದಕ್ಕಾಗಿಯೇ ಯೂನಿಕ್ಸ್ ವ್ಯವಸ್ಥೆಯ 1971ರ ಮೊದಲ ಕೈಪಿಡಿಯಲ್ಲೇ ‘ಎಸ್‌ಯು’ ಎಂಬ ಎರಡಕ್ಷರದ ಕಮಾಂಡು ಇತ್ತು. ಒಂದು ಖಾತೆಯಲ್ಲಿ ಕೂತವರು ಎದ್ದು ಹೋಗದೆ, ಇನ್ನೊಂದರ ಪಾಸ್‌ವರ್ಡು ಕೊಟ್ಟು ಆ ಖಾತೆಯಾಗಿ ಕೆಲಸ ಮಾಡಲು ಈಗ ಅದು ದಾರಿ. ಹೆಸರೇನೂ ಕೊಡದೆ ಹೊಡೆದರೆ ‘ರೂಟ್’ ಎಂಬ ಸರ್ವಾಧಿಕಾರದ ಖಾತೆಗೆ ಹೋಗುತ್ತದೆ. ಯೂನಿಕ್ಸಿನ ಮಾದರಿಯಲ್ಲೇ ಕಟ್ಟಿದ ಇವತ್ತಿನ ಲಿನಕ್ಸಿನಲ್ಲೂ ಅದೇ ಎಸ್‌ಯು. ತೋಟದ ಆಫೀಸಿನ ಮೇಜಿನ ಮೇಲೆ ವಿಂಡೋಸ್ ಇರಬಹುದು, ಅಲ್ಲೂ ‘ರನ್‌ಆಸ್’ ಎಂಬ ಇಂಥದ್ದೇ ಕಮಾಂಡು ಇದೆ. ಆದರೆ ಲೆಕ್ಕಗಳು ಕೊನೆಗೆ ಹೋಗಿ ಕೂರುವ ಸರ್ವರುಗಳಲ್ಲಿ ಬಹುಪಾಲು ಲಿನಕ್ಸಿನವು. ಅಲ್ಲಿ ಕಮಾಂಡು ಹೊಡೆಯುವ ಕಪ್ಪು ಪರದೆಯಲ್ಲಿ ಏನಾಗುತ್ತದೆ ಎಂಬುದನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು.

ಸಾಮಾನ್ಯ ಖಾತೆಯಲ್ಲಿದ್ದಾಗ ಪರದೆಯ ಸಾಲಿನ ಕೊನೆಗೆ $ ಗುರುತು ಇರುತ್ತದೆ. ಎಸ್‌ಯು ಹೊಡೆದು ರೂಟ್ ಪಾಸ್‌ವರ್ಡು ಕೊಟ್ಟರೆ ಅದು # ಆಗುತ್ತದೆ. ಬದಲಾವಣೆ ಕಣ್ಣಿಗೆ ಬೀಳುವುದು ಆ ಒಂದು ಸಾಲಿನಲ್ಲಷ್ಟೇ. ಸಂಜೆ ಆರು ಗಂಟೆ, ಹೊರಗೆ ಟ್ರ್ಯಾಕ್ಟರು ಬಂದು ನಿಂತಿದೆ, ಕರೆಂಟು ಯಾವ ಗಳಿಗೆಯಲ್ಲಿ ಹೋಗುತ್ತದೋ ಗೊತ್ತಿಲ್ಲ. ಆ ಸಾಲನ್ನು ನೋಡುವ ಪುರಸೊತ್ತು ಯಾರಿಗಿದೆ? ಪ್ರಿಂಟರಿನದೋ ಬ್ಯಾಕಪ್ಪಿನದೋ ಏನೋ ತೊಂದರೆ ಸರಿಮಾಡಲು ರೂಟ್ ಆದವರು ಅಲ್ಲಿಯೇ ಕೂತು ಆ ದಿನದ ತೂಕದ ಪಟ್ಟಿಯನ್ನೂ ತೆರೆದು ತುಂಬಿ ಸೇವ್ ಮಾಡಿಬಿಡುತ್ತಾರೆ. ಹೊಸದಾಗಿ ಹುಟ್ಟಿದ ಆ ಕಡತದ ಮಾಲೀಕ ಈಗ ರೂಟ್. ಮಾರನೆಯ ಬೆಳಿಗ್ಗೆ ತೂಕದ ಹುಡುಗ ತನ್ನ ಖಾತೆಯಿಂದ ಅದರಲ್ಲಿ ಬರೆಯಲು ಹೋದರೆ ‘ಅನುಮತಿ ಇಲ್ಲ’. ಸಾಲಿನಲ್ಲಿ ಜನ ಕಾಯುತ್ತಿದ್ದಾರೆ. ಯಾರಿಗೋ ಫೋನು ಮಾಡಿದರೆ ಆ ಕಡೆಯಿಂದ ಬರುವ ಸಲಹೆ ಬಹುತೇಕ ಒಂದೇ: ‘ಚ್‌ಮಾಡ್ 777 ಕೊಡಿ, ಸರಿಹೋಗುತ್ತೆ.’ ಸರಿಹೋಗುವುದೂ ಹೌದು. ಆ ಮೂರು ಏಳುಗಳ ಅರ್ಥ, ಈ ಯಂತ್ರದಲ್ಲಿ ಖಾತೆ ಇರುವ ಯಾರು ಬೇಕಾದರೂ ಈ ಕಡತವನ್ನು ಓದಬಹುದು, ತಿದ್ದಬಹುದು, ಪ್ರೋಗ್ರಾಮಿನಂತೆ ನಡೆಸಲೂಬಹುದು ಎಂದು. ಯಾರಿಗೂ ಕೆಟ್ಟ ಉದ್ದೇಶವಿಲ್ಲದೆ, ಒಂದು ರಾತ್ರಿಯೊಳಗೆ, ತೂಕದ ಲೆಕ್ಕದ ಕಡತಕ್ಕೆ ಬಾಗಿಲೇ ಇಲ್ಲದಂತಾಯಿತು.

ಇದಕ್ಕಿಂತ ಅಪಾಯದ ಇನ್ನೊಂದು ಅಭ್ಯಾಸವಿದೆ. ರೂಟ್ ಆಗಿ ಕೆಲಸ ಮುಗಿಸಿದವರು ‘ಎಕ್ಸಿಟ್’ ಹೊಡೆದು ಹೊರಗೆ ಬರಬೇಕು. ಅದರ ಬದಲು ಮತ್ತೆ ಎಸ್‌ಯು ಹೊಡೆದು ತಮ್ಮ ಹಳೆಯ ಖಾತೆಯ ಹೆಸರು ಕೊಡುತ್ತಾರೆ. ರೂಟ್ ಆಗಿರುವವರಿಗೆ ಪಾಸ್‌ವರ್ಡು ಕೇಳುವುದಿಲ್ಲ, ಹಾಗಾಗಿ ಇದೇ ಸಲೀಸು ಅನಿಸುತ್ತದೆ. # ಹೋಗಿ $ ಬಂತು, ‘ಹೂಆಮ್‌ಐ’ ಎಂದು ಕೇಳಿದರೆ ತಮ್ಮ ಹೆಸರೇ ಬಂತು, ವಾಪಸ್ ಬಂದೆವು ಎಂದುಕೊಳ್ಳುತ್ತಾರೆ. ಬಂದಿಲ್ಲ. ರೂಟ್ ಶೆಲ್ಲು, ಅಂದರೆ ರೂಟ್ ಹೆಸರಿನಲ್ಲಿ ಕಮಾಂಡು ತೆಗೆದುಕೊಳ್ಳುವ ಪ್ರೋಗ್ರಾಮು, ಕೆಳಗೆ ಹಾಗೆಯೇ ತೆರೆದು ಕೂತಿದೆ, ಅದರ ಮೇಲೆ ಇನ್ನೊಂದು ಪದರ ಬಂದಿದೆ, ಅಷ್ಟೇ. ಆಮೇಲೆ ಆ ಕುರ್ಚಿಗೆ ಬಂದು ಕೂತ ಯಾರಾದರೂ ‘ಎಕ್ಸಿಟ್’ ಅಂದರೆ ಸಾಕು, ಯಾವ ಪಾಸ್‌ವರ್ಡೂ ಇಲ್ಲದೆ ಅವರ ಕೈಗೆ ರೂಟ್ ಸಿಗುತ್ತದೆ. ಪಾಸ್‌ವರ್ಡನ್ನು ಎಷ್ಟೇ ಗಟ್ಟಿ ಮಾಡಿ, ಇದಕ್ಕೆ ಅದು ಮದ್ದಲ್ಲ. ಕಂಪ್ಯೂಟರು ಕಲಿಸುವ ನಮ್ಮ ಕಾಲೇಜುಗಳಲ್ಲಿ ಮೊದಲ ವಾರವೇ ಹೇಳಿಕೊಡಬೇಕಾದ ಮಾತಿದು: ಮೇಲಕ್ಕೆ ಹೋದ ದಾರಿಯಲ್ಲೇ ಎಕ್ಸಿಟ್ ಹೊಡೆಯುತ್ತಾ ಕೆಳಗಿಳಿಯಬೇಕು, ವಾಪಸ್ ಬರಲು ಎಸ್‌ಯು ಬಳಸಬಾರದು.

ಈಗ ದಾಖಲೆಯ ವಿಷಯ. ಯಾರಾದರೂ ಎಸ್‌ಯು ಹೊಡೆದರೆ ಲಿನಕ್ಸು ತನ್ನ ಲಾಗ್ ಕಡತದಲ್ಲಿ ಒಂದು ಸಾಲು ಬರೆಯುತ್ತದೆ: ಇಂಥ ಖಾತೆಯವರು ಇಷ್ಟು ಹೊತ್ತಿಗೆ ರೂಟ್ ಆದರು. ಆದ ಮೇಲೆ ಏನು ಮಾಡಿದರು ಎಂಬುದು ಅಲ್ಲಿಲ್ಲ. ಎಲ್ಲರೂ ‘ಆಫೀಸ್’ ಎಂಬ ಒಂದೇ ಖಾತೆಯಿಂದ ಹೊರಟಿದ್ದರೆ ಆ ಸಾಲಿಗೂ ಅರ್ಥವಿಲ್ಲ, ‘ಆಫೀಸ್’ ರೂಟ್ ಆಯಿತು ಎಂದಷ್ಟೇ ಉಳಿಯುತ್ತದೆ. ಈ ಕೊರತೆಯನ್ನು ತುಂಬಿದ್ದು 1980ರ ಸುಮಾರಿಗೆ ಅಮೆರಿಕದ ಬಫಲೋ ವಿಶ್ವವಿದ್ಯಾಲಯದಲ್ಲಿ ಬಾಬ್ ಕಾಗ್‌ಶಾಲ್ ಮತ್ತು ಕ್ಲಿಫ್ ಸ್ಪೆನ್ಸರ್ ಬರೆದ ‘ಸುಡೊ’. ಇಲ್ಲಿ ರೂಟ್ ಪಾಸ್‌ವರ್ಡು ಯಾರಿಗೂ ಕೊಡಬೇಕಾಗಿಲ್ಲ. ಕೆಲಸದವರು ತಮ್ಮದೇ ಪಾಸ್‌ವರ್ಡು ಕೊಟ್ಟು, ತಮಗೆ ಅನುಮತಿ ಇರುವ ಒಂದು ಕಮಾಂಡನ್ನು ಮಾತ್ರ ಮೇಲಿನ ಅಧಿಕಾರದಲ್ಲಿ ನಡೆಸುತ್ತಾರೆ. ಲಾಗಿನಲ್ಲಿ ಯಾರು, ಯಾವ ಟರ್ಮಿನಲ್ಲಿನಿಂದ, ಯಾವ ಡೈರೆಕ್ಟರಿಯಲ್ಲಿದ್ದು, ಯಾರ ಹೆಸರಿನಲ್ಲಿ, ಯಾವ ಕಮಾಂಡು ಎಂಬ ಐದೂ ಒಂದೇ ಸಾಲಿನಲ್ಲಿ ಬೀಳುತ್ತವೆ. ರೈಟರಿಗೆ ಬ್ಯಾಕಪ್ ತೆಗೆಯುವ ಕಮಾಂಡು ಮಾತ್ರ ಕೊಡಬಹುದು, ಪ್ರಿಂಟರು ನೋಡಿಕೊಳ್ಳುವವರಿಗೆ ಅದನ್ನು ಮತ್ತೆ ಶುರುಮಾಡುವುದು ಮಾತ್ರ. ಯಾರಿಗೆ ಏನು ಎಂಬ ಪಟ್ಟಿ ‘ಸುಡೊಯರ್ಸ್’ ಕಡತದಲ್ಲಿರುತ್ತದೆ. ಅದನ್ನು ‘ವಿಸುಡೊ’ದಿಂದಲೇ ತಿದ್ದಬೇಕು, ತಪ್ಪು ಬರೆದರೆ ಸೇವ್ ಆಗುವ ಮೊದಲೇ ಅದು ಹಿಡಿಯುತ್ತದೆ. ಒಂದು ಜಾಗ್ರತೆ: ‘ವಿಮ್’ನಂಥ ಎಡಿಟರನ್ನು ಸುಡೊ ಪಟ್ಟಿಗೆ ಸೇರಿಸಬೇಡಿ. ಅದರ ಒಳಗಿಂದಲೇ ಪೂರ್ತಿ ರೂಟ್ ಶೆಲ್ ತೆರೆಯಬಹುದು.

ಸುಡೊ ಇದ್ದರೆ ಎಲ್ಲ ಸುಖವೇ ಎಂದು ನಾವು ಹೇಳುತ್ತಿಲ್ಲ. 2021ರ ಜನವರಿಯಲ್ಲಿ ಅದರಲ್ಲೇ ಒಂದು ದೋಷ ಬಯಲಾಯಿತು: ಸಾಮಾನ್ಯ ಖಾತೆ ಇದ್ದವರು ಯಾವ ಅನುಮತಿಯೂ ಇಲ್ಲದೆ ರೂಟ್ ಆಗಬಹುದಿತ್ತು. 2011ರಿಂದಲೂ ಅದು ಯಾರ ಕಣ್ಣಿಗೂ ಬೀಳದೆ ಕೂತಿತ್ತು. 2025ರ ಜೂನ್ ಕೊನೆಗೆ ಇಂಥದ್ದೇ ಮತ್ತೊಂದು ಹೊರಬಂತು. ಎರಡಕ್ಕೂ ತಿದ್ದುಪಡಿ ಬಂದಿದೆ, ಆದರೆ ಅಪ್‌ಡೇಟ್ ಹಾಕಿದವರಿಗೆ ಮಾತ್ರ ಅದರ ರಕ್ಷಣೆ. ಸುಡೊಗೆ ಒಮ್ಮೆ ಪಾಸ್‌ವರ್ಡು ಕೊಟ್ಟರೆ ಲಿನಕ್ಸಿನ ಒಂದು ರೂಪವಾದ ಉಬುಂಟುವಿನಲ್ಲಿ 15 ನಿಮಿಷ ಮತ್ತೆ ಕೇಳುವುದಿಲ್ಲ ಎಂಬುದೂ ಗೊತ್ತಿರಲಿ. ಆ ಹೊತ್ತಿನಲ್ಲಿ ಕಾಫಿ ಕುಡಿಯಲು ಎದ್ದು ಹೋದರೆ ಪರದೆಗೆ ಬೀಗ ಹಾಕಿಯೇ ಹೋಗಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ರೂಟ್ ಆದವರು ಲಾಗನ್ನೇ ಅಳಿಸಬಲ್ಲರು. ಆದ್ದರಿಂದ ಲಾಗಿನ ಒಂದು ಪ್ರತಿ ಆಗಿಂದಾಗಲೇ ಬೇರೊಂದು ಯಂತ್ರಕ್ಕೆ ಹೋಗುತ್ತಿರಬೇಕು, ಆ ಯಂತ್ರದ ಕೀಲಿಕೈ ಬೇರೊಬ್ಬರ ಹತ್ತಿರ ಇರಬೇಕು.

‘ಇದೆಲ್ಲ ಬೆಂಗಳೂರಿನ ಕಂಪನಿಗಳ ರಗಳೆ, ನಮ್ಮ ಹಳ್ಳಿ ಆಫೀಸಿಗೆ ಯಾಕೆ?’ ಎನ್ನುವವರಿಗೆ ನಮ್ಮದೇ ಕಂದಾಯ ಇಲಾಖೆಯ ಉದಾಹರಣೆ ಇದೆ. ಶತಮಾನದ ತಿರುವಿನಲ್ಲಿ, ರಾಜೀವ್ ಚಾವ್ಲಾ ಅವರ ಮುಂದಾಳ್ತನದಲ್ಲಿ ‘ಭೂಮಿ’ ಯೋಜನೆ ಬಂದಾಗ 177 ತಾಲ್ಲೂಕುಗಳ ಸುಮಾರು 2 ಕೋಟಿ ಪಹಣಿಗಳು ಕಂಪ್ಯೂಟರಿಗೆ ಹೋದವು. ಅದುವರೆಗೆ ಅವು ಸುಮಾರು 9,000 ಗ್ರಾಮ ಲೆಕ್ಕಿಗರ ಕೈಬರಹದಲ್ಲಿದ್ದವು. ತಿದ್ದಿದ್ದು ಯಾರು ಎಂದು ಹುಡುಕುವುದೇ ರೈತನ ಪಾಡಾಗಿತ್ತು. ಭೂಮಿಯನ್ನು ಕಟ್ಟಿದವರು ಪಾಸ್‌ವರ್ಡನ್ನೊಂದೇ ನಂಬಲಿಲ್ಲ. ಖಾತೆ ಬದಲಾವಣೆ ಮಾಡುವ ನೌಕರರ ಬೆರಳಚ್ಚನ್ನೇ ಲಾಗಿನ್‌ಗೆ ಇಟ್ಟರು, ‘ನಾನು ಮಾಡಿದ್ದಲ್ಲ’ ಎಂದು ನಾಳೆ ಯಾರೂ ಹೇಳಬಾರದು ಎಂಬ ಕಾರಣಕ್ಕೆ. ಇಪ್ಪತ್ತೈದು ವರ್ಷದ ಹಿಂದೆ ತಾಲ್ಲೂಕು ಕಚೇರಿಯಲ್ಲಿ, ಆ ಕಾಲದ ಯಂತ್ರಗಳಲ್ಲಿ ಸಾಧ್ಯವಾಗಿದ್ದು ಇವತ್ತು ಮೂಡಿಗೆರೆಯ ಒಂದು ಎಸ್ಟೇಟ್ ಆಫೀಸಿನಲ್ಲಿ ಸಾಧ್ಯವಿಲ್ಲ ಎಂದರೆ ನಾವು ಒಪ್ಪುವುದಿಲ್ಲ.

ಇನ್ನು ನಿರ್ಲಕ್ಷ್ಯದ ಉದಾಹರಣೆಗೂ ದೇಶದಲ್ಲಿ ಬರವಿಲ್ಲ. 2018ರ ಫೆಬ್ರುವರಿಯಲ್ಲಿ ಬಯಲಾದ ಪಂಜಾಬ್ ನ್ಯಾಷನಲ್ ಬ್ಯಾಂಕ್ ಹಗರಣದಲ್ಲಿ ಮುಂಬೈಯ ಬ್ರಾಡಿ ಹೌಸ್ ಶಾಖೆಯಿಂದ ಬ್ಯಾಂಕುಗಳ ನಡುವೆ ಸಂದೇಶ ಸಾಗಿಸುವ ಸ್ವಿಫ್ಟ್ ವ್ಯವಸ್ಥೆಯ ಮೂಲಕ ಹೋದ ಸಂದೇಶಗಳು ಬ್ಯಾಂಕಿನ ಮುಖ್ಯ ಲೆಕ್ಕದಲ್ಲಿ ಕಾಣಲೇ ಇಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ನೋಡಿ ಒಪ್ಪಬೇಕಾದ ಕಡೆ ಪಾಸ್‌ವರ್ಡುಗಳು ಕೈಬದಲಾಗಿದ್ದವು ಎಂಬುದು ತನಿಖೆಯಲ್ಲಿ ಬಂದ ಆರೋಪ. ಮೊತ್ತ 13,000 ಕೋಟಿ ರೂಪಾಯಿಗೂ ಹೆಚ್ಚು.

ಮೊತ್ತದ ಮಾತು ಬಿಡಿ, ಆ ‘ಬರೆಯುವವರು–ಒಪ್ಪುವವರು’ ಪದ್ಧತಿ ಈಗ ನಮ್ಮ ಹಳ್ಳಿಗಳ ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘಗಳಿಗೂ ಬರುತ್ತಿದೆ. 63,000 ಸಂಘಗಳನ್ನು ಗಣಕೀಕರಿಸಲು ಕೇಂದ್ರ ಸಂಪುಟ 2022ರ ಜೂನ್‌ನಲ್ಲಿ 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಬೆಳೆ ಸಾಲ, ಗೊಬ್ಬರ, ಷೇರು ಎಲ್ಲ ಅದರೊಳಗೆ. ಮಲೆನಾಡಿನ ಸೊಸೈಟಿಯಲ್ಲಿ ಇರುವುದು ಒಬ್ಬ ಕಾರ್ಯದರ್ಶಿ, ಒಬ್ಬ ಗುಮಾಸ್ತ. ಎಷ್ಟೋ ಕಡೆ ಒಬ್ಬರೇ. ಎರಡು ಖಾತೆ ಬೇಕು ಅಂದಾಗ ಒಬ್ಬರೇ ಎರಡರ ಪಾಸ್‌ವರ್ಡನ್ನೂ ಇಟ್ಟುಕೊಂಡು, ಒಂದರಿಂದ ಬರೆದು, ಬದಲಾಯಿಸಿ, ಇನ್ನೊಂದರಿಂದ ಒಪ್ಪುವುದು ಸಹಜವಾಗಿಬಿಡುತ್ತದೆ. ಜುಲೈ, ಆಗಸ್ಟಿನ ಮಳೆಯಲ್ಲಿ ದಿನಗಟ್ಟಲೆ ಕರೆಂಟಿಲ್ಲದೆ, ನೆಟ್‌ವರ್ಕಿಲ್ಲದೆ ಕೂತು, ಬಂದ ಒಂದು ಗಂಟೆಯೊಳಗೆ ನೂರು ಜನರ ಕೆಲಸ ಮುಗಿಸಬೇಕಾದವರನ್ನು ಬೈದು ಪ್ರಯೋಜನವಿಲ್ಲ. ಸಿಬ್ಬಂದಿ ಕೊಡದೆ, ಬ್ಯಾಟರಿ ಕೊಡದೆ ನಿಯಮ ಮಾತ್ರ ಕೊಟ್ಟರೆ ಅದು ಮುರಿಯುವುದಕ್ಕೇ ಕೊಟ್ಟ ಹಾಗೆ. ಜಿಲ್ಲೆಯ ಸಹಕಾರ ಇಲಾಖೆ ಇದನ್ನು ಈಗಲೇ ಮನಸ್ಸಿಗೆ ತಂದುಕೊಳ್ಳಬೇಕು: ಒಬ್ಬರೇ ಇರುವ ಸಂಘದಲ್ಲಿ ಒಪ್ಪಿಗೆ ಕೊಡುವ ಖಾತೆ ಪಕ್ಕದ ಸಂಘದ ಕಾರ್ಯದರ್ಶಿಯ ಹತ್ತಿರವೋ ಆಡಳಿತ ಮಂಡಳಿಯ ಒಬ್ಬ ಸದಸ್ಯರ ಹತ್ತಿರವೋ ಇರಲಿ.

ಕಂಪನಿಗಳಾಗಿ ನೋಂದಾಯಿಸಿಕೊಂಡ ಎಸ್ಟೇಟುಗಳಿಗೆ ಕಾನೂನಿನ ಒತ್ತಡ ಆಗಲೇ ಇದೆ. 2023ರ ಏಪ್ರಿಲ್ 1ರಿಂದ ಕಂಪನಿಗಳ ಲೆಕ್ಕದ ತಂತ್ರಾಂಶದಲ್ಲಿ ಪ್ರತಿ ತಿದ್ದುಪಡಿಯ ಜಾಡು ಉಳಿಯಬೇಕು, ಅದನ್ನು ಆಫ್ ಮಾಡುವ ಹಾಗಿಲ್ಲ. ಟ್ಯಾಲಿಯಲ್ಲಿ ‘ಎಡಿಟ್ ಲಾಗ್’ ಬಂದದ್ದು ಇದಕ್ಕೇ. ಆದರೆ ಆ ಲಾಗಿನಲ್ಲಿ ಹೆಸರಿನ ಕಾಲಮ್ಮಿನ ತುಂಬ ‘ಅಡ್ಮಿನ್, ಅಡ್ಮಿನ್, ಅಡ್ಮಿನ್’ ಎಂದಿದ್ದರೆ ಕಾನೂನಿನ ಅಕ್ಷರ ಪಾಲಿಸಿದಂತಾಯಿತು, ಕೆಲಸ ಆಗಲಿಲ್ಲ.

ಕಾಫಿ ಬೋರ್ಡು ಬೆಳೆಗಾರರ ತೋಟಗಳನ್ನು ನೋಂದಾಯಿಸಿಕೊಳ್ಳುವಾಗ, ಅಂಕಿ ತುಂಬಿದವರು ಯಾರು ಎಂಬುದು ಬೆಳೆಗಾರನಿಗೂ ಕಾಣುವಂತೆ ಮಾಡಲಿ. ತನ್ನ ತೋಟದ ಗಡಿಯನ್ನು ಯಾರು ಯಾವತ್ತು ಮುಟ್ಟಿದರು ಎಂದು ತಿಳಿಯುವುದು ಅವನ ಹಕ್ಕು. ಚಿಕ್ಕಮಗಳೂರಿನಲ್ಲೇ ಕೇಂದ್ರ ಕಚೇರಿ ಇರುವ ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್, ಹೋಬಳಿ ಮಟ್ಟದ ಬೆಳೆಗಾರರ ಸಂಘಗಳು ಗೊಬ್ಬರ, ರೋಗದ ಬಗ್ಗೆ ನಡೆಸುವ ಸಭೆಗಳಲ್ಲಿ ಒಂದು ಗಂಟೆ ಇದಕ್ಕೂ ಎತ್ತಿಡಲಿ. ದೊಡ್ಡ ಎಸ್ಟೇಟುಗಳು ಹೇಗೋ ಯಾರನ್ನಾದರೂ ಗೊತ್ತುಮಾಡಿಕೊಳ್ಳುತ್ತವೆ. ದೇಶದ ಕಾಫಿ ಹಿಡುವಳಿಗಳಲ್ಲಿ ಬಹುಪಾಲು 10 ಹೆಕ್ಟೇರಿನೊಳಗಿನವು. ಅವರಿಗೆ ಕೈಹಿಡಿದು ತೋರಿಸುವವರು ಬೇಕು. ನಗರದ ಆದಿಚುಂಚನಗಿರಿ ತಾಂತ್ರಿಕ ಮಹಾವಿದ್ಯಾಲಯದಲ್ಲಿ ಕಂಪ್ಯೂಟರ್ ಓದುವ ಮಕ್ಕಳು ತಮ್ಮ ಪ್ರಾಜೆಕ್ಟಿನ ಭಾಗವಾಗಿ ಒಂದೊಂದು ಸೊಸೈಟಿಗೆ ಹೋಗಿ ಖಾತೆಗಳನ್ನು ಬೇರೆ ಮಾಡಿಕೊಡಬಾರದೇಕೆ? ಮೂಡಿಗೆರೆಯ ತೋಟದಲ್ಲಿ ಕೂತು ಕಂಪ್ಯೂಟರಿನಲ್ಲಿ ಕನ್ನಡಕ್ಕಾಗಿ ಬಡಿದಾಡಿದ ಪೂರ್ಣಚಂದ್ರ ತೇಜಸ್ವಿ ಈ ಸೀಮೆಯಲ್ಲೇ ಬಾಳಿದವರು. ತಂತ್ರಜ್ಞಾನ ತಮ್ಮದಲ್ಲ ಎಂದು ಈ ಸೀಮೆಯವರು ಹಿಂದೆ ಸರಿದ ಇತಿಹಾಸವಿಲ್ಲ.

ಅರೇಬಿಕಾ ಕೊಯ್ಲು ನವೆಂಬರಿಗೆ ಶುರುವಾಗುತ್ತದೆ, ರೊಬಸ್ಟಾ ಜನವರಿಗೆ. ಆಗ ತೂಕಕ್ಕೆ, ಲೆಕ್ಕಕ್ಕೆ ಹೊಸ ಹುಡುಗರು ಬರುತ್ತಾರೆ. ಬಂದ ದಿನವೇ ಅವರವರ ಹೆಸರಿನಲ್ಲಿ ಖಾತೆ ಮಾಡಿಕೊಡಿ, ಎರಡು ನಿಮಿಷದ ಕೆಲಸ. ಮಾರ್ಚಿನಲ್ಲಿ ಅವರು ಲೆಕ್ಕ ಚುಕ್ತಾ ಮಾಡಿಕೊಂಡು ಹೊರಟಾಗ ಆ ಖಾತೆಯನ್ನು ಅಳಿಸಬೇಡಿ. ಲಿನಕ್ಸು ಒಳಗೆ ಗುರುತಿಡುವುದು ಹೆಸರನ್ನಲ್ಲ, ಒಂದು ಸಂಖ್ಯೆಯನ್ನು. ಕೊನೆಯಲ್ಲಿ ಮಾಡಿದ ಖಾತೆಯನ್ನು ಅಳಿಸಿದರೆ ಅದರ ಸಂಖ್ಯೆ ಮುಂದೆ ಬರುವ ಹೊಸಬನಿಗೆ ಹೋಗುತ್ತದೆ. ಹೋದ ಹುಡುಗ ಬರೆದಿಟ್ಟ ಕಡತಗಳೆಲ್ಲ ಬಂದ ಹುಡುಗನ ಹೆಸರಿನಲ್ಲಿ ಕಾಣುತ್ತವೆ, ಅವನು ನೋಡಿಯೇ ಇರದ ತೂಕಕ್ಕೆ ಅವನೇ ಜವಾಬು ಕೊಡಬೇಕಾಗುತ್ತದೆ. ಅಳಿಸುವ ಬದಲು ‘ಯೂಸರ್‌ಮಾಡ್’ ಕಮಾಂಡಿನಿಂದ ಪಾಸ್‌ವರ್ಡಿಗೆ ಬೀಗ ಹಾಕಿ, ಖಾತೆಗೆ ಅವಧಿ ಮುಗಿದ ದಿನಾಂಕ ಹಾಕಿ, ಅದನ್ನು ಐದು ವರ್ಷ ಹಾಗೆಯೇ ಇಡಿ.